ಕಸಿಯ ಚಾಕು ಹಿಡಿಯುವ ಮುನ್ನ: ತೋಟಗಾರಿಕೆಯಲ್ಲಿ ಅಪ್ರೆಂಟಿಸ್ ಆಗುವ ದಾರಿ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತ ಮಾವಿನ ಸುಗ್ಗಿ ಇಳಿಯುವ ಹೊತ್ತಿಗೆ ನರ್ಸರಿಗಳಲ್ಲಿ ಕೆಲಸ ಏರುತ್ತದೆ. ಮುಂಗಾರಿನ ತೇವ ಗಾಳಿಯಲ್ಲಿರುವ ಕೆಲವೇ ತಿಂಗಳಲ್ಲಿ ಕಸಿ ಕಟ್ಟಿ ಮುಗಿಸಬೇಕು. ಕಟ್ಟುವವರಿಗೆ ಸಾಮಾನ್ಯವಾಗಿ ದಿನಗೂಲಿಯ ಲೆಕ್ಕವಿಲ್ಲ, ಗಿಡಕ್ಕಿಷ್ಟು ಎಂಬ ಲೆಕ್ಕ. ಕೈ ಪಳಗಿದವರು ದಿನಕ್ಕೆ ನೂರಾರು ಗಿಡ ಕಟ್ಟುತ್ತಾರೆ, ಅವುಗಳಲ್ಲಿ ಹೆಚ್ಚಿನವು ಚಿಗುರುತ್ತವೆ. ಅಂಥವರನ್ನು ನರ್ಸರಿ ಮಾಲೀಕರು ಮೊದಲೇ ಮಾತಾಡಿ ಇಟ್ಟುಕೊಳ್ಳುತ್ತಾರೆ. ಅದೇ ಊರುಗಳಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳು ಬೆಳಗಾದರೆ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆ ಬಸ್ಸು ಹತ್ತುತ್ತಾರೆ. ಕಾರ್ಖಾನೆಯ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಮನೆಯ ಹಿಂದಿನ ತೋಟದಲ್ಲೇ ಒಂದು ಕುಶಲ ವೃತ್ತಿ ಇದೆ, ಅದನ್ನು ಕ್ರಮವಾಗಿ ಕಲಿಯಲು ಕಾನೂನು ಒಪ್ಪಿದ ದಾರಿಯೂ ಇದೆ ಎಂಬುದನ್ನು ಈ ಮಕ್ಕಳಿಗೆ ಯಾರೂ ತಿಳಿಸಿಲ್ಲ ಎಂಬುದೇ ನನ್ನ ಕೊರಗು.

ತೋಟದ ಕೆಲಸಕ್ಕೆ ತರಬೇತಿ ಏಕೆ, ಅಪ್ಪ ಅಜ್ಜ ಕಲಿತದ್ದು ಹೇಗೆ ಎಂದು ಮನೆಗಳಲ್ಲಿ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಜ್ಜನ ಕಾಲದ ತೋಟ ತೆರೆದ ಬಾವಿಯ ನೀರಿನಲ್ಲಿ ಬೆಳೆದದ್ದು. ಇಂದಿನ ಕೋಲಾರ ಮತ್ತು ಚಿಕ್ಕಬಳ್ಳಾಪುರದ ತೋಟ ಆಳದ ಬೋರ್‌ವೆಲ್, ಡ್ರಿಪ್ (ಹನಿ ನೀರಾವರಿ), ನೆಲ ಮುಚ್ಚುವ ಮಲ್ಚಿಂಗ್ ಹಾಳೆ, ಶೇಡ್‌ನೆಟ್, ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆ) ಇವುಗಳ ಮೇಲೆ ನಿಂತಿದೆ. ಟೊಮೆಟೊ ಸಸಿಯನ್ನು ಹೊಲದ ಮೂಲೆಯ ಮಡಿಯಲ್ಲಿ ಎಬ್ಬಿಸುತ್ತಿದ್ದವರು ಈಗ ನರ್ಸರಿಯಿಂದ ಟ್ರೇ ಲೆಕ್ಕದಲ್ಲಿ ತರುತ್ತಾರೆ. ಹೀಗಾಗಿ ಸಸಿ ಬೆಳೆಸುವುದು, ಗೊಬ್ಬರದ ನೀರು ಬಿಡುವುದು, ಬಳ್ಳಿ ಕತ್ತರಿಸುವುದು ಬೇರೆ ಬೇರೆ ಕಸುಬುಗಳಾಗಿ ಒಡೆದಿವೆ, ಒಂದೊಂದಕ್ಕೂ ಅದನ್ನೇ ಕಲಿತವರು ಬೇಕಾಗಿದ್ದಾರೆ.

ಗೊಂದಲ ಇರುವುದು ಮುಂದಿನ ಹೆಜ್ಜೆಯಲ್ಲಿ. ತರಬೇತಿ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಓಡಾಡುತ್ತವೆ. ಕಾಯ್ದೆಯ ಪ್ರಕಾರ ಒಪ್ಪಂದ ಮಾಡಿಕೊಂಡು ಕಲಿಯುವ ಅಪ್ರೆಂಟಿಸ್‌ಶಿಪ್ ಒಂದು. ತೋಟಗಾರಿಕೆ ಇಲಾಖೆ ನಡೆಸುವ ತರಬೇತಿ ಇನ್ನೊಂದು. ಯಾವ ಕಾಗದವೂ ಇಲ್ಲದೆ ಪಳಗಿದ ಕೈಯ ಪಕ್ಕದಲ್ಲಿ ನಿಂತು ಕಲಿಯುವುದು ಮೂರನೆಯದು. ಇವುಗಳ ಹಕ್ಕು, ಹಣ, ಕಲಿಕೆ ಎಲ್ಲವೂ ಬೇರೆ. ಒಂದರ ನಿರೀಕ್ಷೆಯನ್ನು ಇನ್ನೊಂದರ ಮೇಲೆ ಇಟ್ಟುಕೊಂಡು ಹೋದವರು ಎರಡೇ ತಿಂಗಳಲ್ಲಿ ಬೇಸತ್ತು ಮನೆಗೆ ಬರುತ್ತಾರೆ.

ಮೊದಲು ಕಾಯ್ದೆಯ ವಿಷಯ. ಭಾರತದ ಅಪ್ರೆಂಟಿಸ್ ಕಾಯ್ದೆ 1961ರದ್ದು. ಬಹುಕಾಲ ಅದು ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್‌ಗಳ ಕಾಯ್ದೆ ಎಂದೇ ಜನರ ಮನಸ್ಸಿನಲ್ಲಿತ್ತು. 2014ರ ತಿದ್ದುಪಡಿ ‘ಐಚ್ಛಿಕ ವೃತ್ತಿ’ ಎಂಬ ಹೊಸ ವರ್ಗವನ್ನು ತಂದಿತು. ಸರ್ಕಾರ ಮೊದಲೇ ಪಟ್ಟಿ ಮಾಡಿದ ವೃತ್ತಿಗಳಾಚೆಗೂ ಉದ್ಯಮಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲು ಇದರಿಂದ ಸಾಧ್ಯವಾಯಿತು. ಹಸಿರುಮನೆ ನಿರ್ವಾಹಕ, ಉದ್ಯಾನಗಾರ, ಸೂಕ್ಷ್ಮ ನೀರಾವರಿ ತಂತ್ರಜ್ಞ ಇಂಥ ಕೆಲಸಗಳು ಒಳಗೆ ಬಂದದ್ದು ಈ ಬಾಗಿಲಿನಿಂದ. ಇವುಗಳ ಪಠ್ಯ ಮತ್ತು ಮೌಲ್ಯಮಾಪನದ ಹೊಣೆ ಭಾರತೀಯ ಕೃಷಿ ಕೌಶಲ ಮಂಡಳಿಯದು. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ ತಂದು ಶಿಷ್ಯವೇತನದ ಒಂದು ಪಾಲನ್ನು ತಾನೇ ಹೊರುತ್ತೇನೆ ಎಂದಿತು: ಕನಿಷ್ಠ ಶಿಷ್ಯವೇತನದ ಶೇ 25, ತಿಂಗಳಿಗೆ ಹೆಚ್ಚೆಂದರೆ 1,500 ರೂಪಾಯಿ. ಆ ಪಾಲು ಈಗ ನೇರವಾಗಿ ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೆ ಬರುತ್ತದೆ. ಆದ್ದರಿಂದ ಖಾತೆಗೆ ಆಧಾರ್ ಜೋಡಣೆ ಆಗಿರಲೇಬೇಕು.

ಹಣದ ಲೆಕ್ಕ ಬಿಡಿಸಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಮೊದಲು ಕೇಳುವುದು ಅದನ್ನೇ. 2019ರ ನಿಯಮಗಳು ತಿಂಗಳ ಕನಿಷ್ಠ ಶಿಷ್ಯವೇತನವನ್ನು ಓದಿಗೆ ತಕ್ಕಂತೆ ನಿಗದಿ ಮಾಡಿದವು. ಐದರಿಂದ ಒಂಬತ್ತನೇ ತರಗತಿವರೆಗೆ ಓದಿದವರಿಗೆ 5,000 ರೂಪಾಯಿ, ಎಸ್ಸೆಸ್ಸೆಲ್ಸಿ ಆದವರಿಗೆ 6,000, ಪಿಯುಸಿ ಆದವರಿಗೆ 7,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ತರಬೇತಿ ಎರಡನೇ ವರ್ಷಕ್ಕೆ ಹೋದರೆ ಶೇ 10, ಮೂರನೇ ವರ್ಷಕ್ಕೆ ಶೇ 15 ಏರಿಕೆ. ಸರ್ಕಾರ ಈ ದರಗಳನ್ನು ಪರಿಷ್ಕರಿಸುವುದರಿಂದ ಒಪ್ಪಂದಕ್ಕೆ ಸಹಿ ಹಾಕುವ ದಿನದ ದರವನ್ನೇ ಕೇಳಿ ಬರೆಸಿಕೊಳ್ಳಿ. ಇದು ಕನಿಷ್ಠ, ಉದ್ಯಮ ಹೆಚ್ಚು ಕೊಡಬಹುದು. ಇದು ಕೂಲಿಯಲ್ಲ ಎಂಬುದೂ ನೆನಪಿರಲಿ. ಕಾಯ್ದೆಯ ಕಣ್ಣಿಗೆ ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಯುವವನು. ತರಬೇತಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಮಾಲೀಕರಿಗಿಲ್ಲ. ಆದರೆ ಕಲಿಯುವವನು ಎಂಬ ಅದೇ ಕಾರಣಕ್ಕೆ ಕೆಲವು ರಕ್ಷಣೆಗಳಿವೆ: ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿಯ) ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ, ತರಬೇತಿಯ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕನದು, ಆರೋಗ್ಯ ಮತ್ತು ಸುರಕ್ಷತೆಯ ನಿಯಮಗಳು ಕಾರ್ಮಿಕರಿಗೆ ಹೇಗೋ ಇವರಿಗೂ ಹಾಗೆಯೇ.

ಅಪ್ರೆಂಟಿಸ್ ಆಗಲು ಕನಿಷ್ಠ ವಯಸ್ಸು 14, ಅಪಾಯಕಾರಿ ಕೆಲಸಗಳಲ್ಲಿ 18. ಕೀಟನಾಶಕ ಮುಟ್ಟಬೇಕಾದ ತೋಟಗಾರಿಕೆಯಲ್ಲಿ 18 ತುಂಬದವರನ್ನು ಕಳಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಐಚ್ಛಿಕ ವೃತ್ತಿಯ ತರಬೇತಿ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಇರಬಹುದು. ಒಪ್ಪಂದವನ್ನು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನೋಂದಣಿ ಆಗದ ಒಪ್ಪಂದ ಬಾಯಿಮಾತಿಗೆ ಸಮ.

ಯಾರು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಬಹುದು? 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಉದ್ಯಮಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳುವುದು ಕಡ್ಡಾಯ. ನಾಲ್ಕರಿಂದ 29 ಜನರಿರುವಲ್ಲಿ ಅದು ಮಾಲೀಕರ ಇಚ್ಛೆ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಈ ಕಾಯ್ದೆಯಡಿ ಅವಕಾಶವೇ ಇಲ್ಲ. ಈ ನಿಯಮವನ್ನು ಕೋಲಾರ ಜಿಲ್ಲೆಯ ಮೇಲೆ ಇಟ್ಟು ನೋಡಿದರೆ ಕಷ್ಟ ತಾನಾಗಿಯೇ ಕಾಣುತ್ತದೆ. ದೊಡ್ಡ ಪಾಲಿಹೌಸ್ ಘಟಕಗಳು, ಬೀಜ ಕಂಪನಿಗಳ ಕ್ಷೇತ್ರಗಳು, ಅಂಗಾಂಶ ಕೃಷಿಯ ಪ್ರಯೋಗಾಲಯಗಳು, ಬೆಂಗಳೂರಿನ ಉದ್ಯಾನ ನಿರ್ವಹಣಾ ಸಂಸ್ಥೆಗಳು ಕಾಯ್ದೆಯ ಒಳಗೆ ಬರುತ್ತವೆ. ಆದರೆ ಮಾವಿನ ಕಸಿಯಲ್ಲಿ ನಿಜವಾಗಿ ಪಳಗಿದವರು ಎಷ್ಟೋ ಸಲ ಗಂಡ, ಹೆಂಡತಿ, ಒಬ್ಬ ಆಳು ಸೇರಿ ನಡೆಸುವ ಪುಟ್ಟ ನರ್ಸರಿಯಲ್ಲಿರುತ್ತಾರೆ. ಕಾಯ್ದೆಯ ಪುಸ್ತಕದಲ್ಲಿ ಅವರು ಗುರುಗಳೇ ಅಲ್ಲ. ಪ್ರಮಾಣಪತ್ರ ಕೊಡಬಲ್ಲವರು ಒಂದು ಕಡೆ, ಕೈಗೆ ವಿದ್ಯೆ ಕೊಡಬಲ್ಲವರು ಇನ್ನೊಂದು ಕಡೆ. ತೋಟಗಾರಿಕೆ ಕಲಿಯಹೊರಟವರು ಬಿಡಿಸಿಕೊಳ್ಳಬೇಕಾದ ಗಂಟು ಇದೇ. ಎರಡನ್ನೂ ಒಂದೇ ಜಾಗದಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಒಂದಾದ ಮೇಲೆ ಒಂದರಂತೆ ಎರಡನ್ನೂ ಪಡೆಯಲು ಯೋಜನೆ ಹಾಕಿಕೊಂಡರೆ ಖಂಡಿತ ಸಿಗುತ್ತವೆ.

ಇಲಾಖೆಯ ತರಬೇತಿ ಇದಕ್ಕೆ ಒಳ್ಳೆಯ ಮೊದಲ ಮೆಟ್ಟಿಲು. ಅದರ ಹಿಂದೆ ಒಂದು ಪರಂಪರೆಯೇ ಇದೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು ಪಳಗಿದ ಜರ್ಮನ್ ತೋಟಗಾರ ಕ್ರುಂಬಿಗೆಲ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗ್‌ನ ಹೊಣೆ ಹೊತ್ತರು. ಸ್ವಾತಂತ್ರ್ಯಾನಂತರ ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡರ ಶ್ರಮದಿಂದ 1963ರಲ್ಲಿ ರಾಜ್ಯದಲ್ಲಿ ತೋಟಗಾರಿಕೆಗೆಂದೇ ಪ್ರತ್ಯೇಕ ಇಲಾಖೆ ನಿಂತಿತು. ಜಿಲ್ಲೆ ಜಿಲ್ಲೆಗಳಲ್ಲಿ ಸರ್ಕಾರಿ ತೋಟಗಾರಿಕೆ ಕ್ಷೇತ್ರಗಳು ಬೆಳೆದವು. ರೈತನಿಗೆ ಒಳ್ಳೆಯ ಸಸಿ ಸಿಗಬೇಕು, ಗಿಡ ಹೇಗೆ ಬೆಳೆಯುತ್ತದೆ ಎಂದು ಅವನು ಕಣ್ಣಾರೆ ನೋಡಬೇಕು ಎಂಬುದು ಆ ಕ್ಷೇತ್ರಗಳ ಉದ್ದೇಶ. ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆ ಅಂಥ ಜಾಗ. ಭಾರತ ಮತ್ತು ಇಸ್ರೇಲ್ ಸಹಯೋಗದ ಮಾವಿನ ಉತ್ಕೃಷ್ಟತಾ ಕೇಂದ್ರವೂ ಅಲ್ಲೇ ಇದೆ. ಒತ್ತಾಗಿ ನೆಟ್ಟು, ಗಿಡ್ಡವಾಗಿ ಸವರಿ ಬೆಳೆಸುವ ಮಾವಿನ ತೋಟ ಹೇಗಿರುತ್ತದೆ ಎಂದು ನೋಡಬೇಕೆಂದವರು ಅಲ್ಲಿಗೊಮ್ಮೆ ಹೋಗಿಬರಬೇಕು.

ರೈತರ ಮಕ್ಕಳಿಗಾಗಿ ಇಲಾಖೆ ನಡೆಸುವ ಹತ್ತು ತಿಂಗಳ ತರಬೇತಿ ಮೇ ತಿಂಗಳಲ್ಲಿ ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿ ಆಗಿರಬೇಕು, ಕುಟುಂಬಕ್ಕೆ ಜಮೀನು ಇರುವುದಕ್ಕೆ ಪಹಣಿ ತೋರಿಸಬೇಕು. ಶಿಷ್ಯವೇತನವಿದೆ, ಆದರೆ ಅದು ಅಪ್ರೆಂಟಿಸ್ ಕಾಯ್ದೆಯ ಮೊತ್ತಕ್ಕಿಂತ ಬಹಳ ಕಡಿಮೆ. ಹಣಕ್ಕಾಗಿ ಹೋಗುವ ತರಬೇತಿಯಲ್ಲ ಅದು. ಅದರ ನಿಜವಾದ ಬೆಲೆ ಹತ್ತು ತಿಂಗಳು ಎಂಬ ಅವಧಿಯಲ್ಲಿದೆ. ಮೇ ತಿಂಗಳಲ್ಲಿ ಸೇರಿದವರು ಮುಂಗಾರು, ಹಿಂಗಾರು, ಚಳಿ, ಮಾವಿನ ಹೂ ಇಷ್ಟನ್ನೂ ನೋಡಿಯೇ ಹೊರಬರುತ್ತಾರೆ. ಜಮೀನಿಲ್ಲದ ಮನೆಯ ಮಕ್ಕಳಿಗೆ ಈ ಬಾಗಿಲು ಕಿರಿದು ಎಂಬುದು ನನಗೆ ನೋವಿನ ವಿಷಯ. ತೋಟಗಳಲ್ಲಿ ಹೆಚ್ಚು ದುಡಿಯುವವರು ಅವರೇ, ಕುಶಲ ವೃತ್ತಿಯ ಅಗತ್ಯ ಹೆಚ್ಚಿರುವುದೂ ಅವರಿಗೇ. ಅಂಥವರಿಗೆ ಅಪ್ರೆಂಟಿಸ್ ಕಾಯ್ದೆಯೇ ಸರಿಯಾದ ದಾರಿ, ಅದು ಯಾರ ಪಹಣಿಯನ್ನೂ ಕೇಳುವುದಿಲ್ಲ.

ಕೋಲಾರ ಬಳಿಯ ಟಮಕದ ಕೃಷಿ ವಿಜ್ಞಾನ ಕೇಂದ್ರ, ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ, ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಕಿರು ಅವಧಿಯ ತರಬೇತಿ ನಡೆಸುತ್ತವೆ. ಕೆಲಸದಲ್ಲಿ ಈಗಾಗಲೇ ಇರುವವರಿಗೆ ಅವು ಉಪಯುಕ್ತ. ಏನೂ ಗೊತ್ತಿಲ್ಲದವರನ್ನು ಒಂದು ವಾರದಲ್ಲಿ ಕುಶಲರನ್ನಾಗಿ ಮಾಡಲು ಯಾರಿಂದಲೂ ಆಗದು.

ಇನ್ನು ಕಲಿಕೆಯ ತಿರುಳು. ಕಸಿಯಿಂದಲೇ ಶುರು ಮಾಡೋಣ, ಏಕೆಂದರೆ ಹೊರಗಿನಿಂದ ನೋಡಿದವರಿಗೆ ಅದು ಐದು ನಿಮಿಷದಲ್ಲಿ ಬರುವ ವಿದ್ಯೆಯಂತೆ ಕಾಣುತ್ತದೆ. ಬಾದಾಮಿ, ರಸಪುರಿ, ತೋತಾಪುರಿ, ಮಲ್ಲಿಕಾ ಇಂಥ ಮಾವಿನ ಓಟೆ ನೆಟ್ಟರೆ ತಾಯಿಯ ಗುಣವೇ ಬರುತ್ತದೆಂಬ ಭರವಸೆ ಇಲ್ಲ. ಹೂವು ಇನ್ನೊಂದು ಮರದ ಪರಾಗದಿಂದ ಕಾಯಿಕಟ್ಟಿರಬಹುದು, ಆಗ ಒಳಗಿನ ಬೀಜ ಬೆರಕೆ. ಆದ್ದರಿಂದ ಓಟೆಯಿಂದ ಎದ್ದ ಗಿಡವನ್ನು ಬೇರಿಗಾಗಿ ಮಾತ್ರ ಬಳಸಿ, ಮೇಲೆ ಬೇಕಾದ ತಳಿಯ ಕಡ್ಡಿ ಕೂರಿಸುತ್ತಾರೆ. ಮಾವಿನ ಓಟೆ ಬಹಳ ದಿನ ಜೀವ ಹಿಡಿದುಕೊಳ್ಳುವುದಿಲ್ಲ, ಹಣ್ಣು ತಿಂದ ಕೆಲವೇ ವಾರಗಳಲ್ಲಿ ಬಿತ್ತಬೇಕು. ಹಾಗಾಗಿ ಜೂನ್, ಜುಲೈ ಓಟೆ ಬಿತ್ತುವ ಕಾಲವೂ ಹೌದು, ಹಿಂದಿನ ವರ್ಷ ಬಿತ್ತಿದ್ದಕ್ಕೆ ಕಸಿ ಕಟ್ಟುವ ಕಾಲವೂ ಹೌದು.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೃದುಕಾಂಡ ಕಸಿ. ಬೇರುಗಿಡದ ತುದಿಯಲ್ಲಿ ತಾಮ್ರದ ಬಣ್ಣದ ಹೊಸ ಚಿಗುರು ಬಂದು, ಕಾಂಡ ಇನ್ನೂ ಎಳೆಯದಾಗಿದ್ದಾಗ ಅದನ್ನು ಕತ್ತರಿಸಿ, ನಡುವೆ ನಾಲ್ಕೈದು ಸೆಂಟಿಮೀಟರ್ ಸೀಳುತ್ತಾರೆ. ಅಷ್ಟೇ ದಪ್ಪದ ಕಸಿಕಡ್ಡಿಯ ಬುಡವನ್ನು ಬೆಣೆಯಂತೆ ಎರಡೂ ಕಡೆ ಹೆರೆದು ಸೀಳಿನೊಳಗೆ ಇಳಿಸುತ್ತಾರೆ. ಪಾಲಿಥೀನ್ ಪಟ್ಟಿಯಿಂದ ಬಿಗಿದು ಕಟ್ಟಿ, ಮೇಲೆ ಪಾಲಿಥೀನ್ ಟೊಪ್ಪಿಗೆ ಹಾಕುತ್ತಾರೆ. ಎರಡು ಮೂರು ವಾರದಲ್ಲಿ ಕಡ್ಡಿಯ ಕಣ್ಣು (ಚಿಗುರುವ ಮೊಗ್ಗು) ಒಡೆದರೆ ಕಸಿ ಹಿಡಿದಂತೆ. ವಿಧಾನ ಇಷ್ಟೇ. ಆದರೆ ತೊಗಟೆಯ ಕೆಳಗೆ ಕೇಂಬಿಯಂ ಎಂಬ ತೆಳುವಾದ ಪದರವಿದೆ, ಹೊಸ ಜೀವಕೋಶ ಹುಟ್ಟುವುದು ಅಲ್ಲಿ ಮಾತ್ರ. ಎರಡೂ ಗಿಡಗಳ ಆ ಪದರ ಒಂದಕ್ಕೊಂದು ತಾಗಿದರೆ ಬೆಸುಗೆ, ಕೂದಲೆಳೆಯಷ್ಟು ತಪ್ಪಿದರೂ ಕಡ್ಡಿ ಒಣಗುತ್ತದೆ. ಕಡ್ಡಿ ಬೇರುಗಿಡಕ್ಕಿಂತ ಸಣ್ಣದಿದ್ದರೆ ನಡುವೆ ಇಡದೆ ಒಂದು ಬದಿಗೆ ಸರಿಸಿ ತೊಗಟೆಗೆ ತೊಗಟೆ ಸೇರಿಸಬೇಕು. ಹೆರೆದ ಮುಖಕ್ಕೆ ಬೆರಳು ತಾಗಬಾರದು, ಗಾಳಿಗೆ ಒಣಗಬಾರದು. ಚಾಕುವಿನ ಒಂದೇ ಎಳೆತಕ್ಕೆ ಮುಖ ಸಪಾಟಾಗಬೇಕು, ಎರಡು ಸಲ ಹೆರೆದರೆ ನಡುವೆ ಉಬ್ಬು ಉಳಿಯುತ್ತದೆ. ಇವನ್ನೆಲ್ಲ ಓದಿ ಅರ್ಥ ಮಾಡಿಕೊಳ್ಳಬಹುದು. ಕೈಗೆ ಬರುವುದು ಮಾತ್ರ ಹಾಳಾದ ಗಿಡಗಳ ಲೆಕ್ಕ ಬೆಳೆದಂತೆ.

ಚಾಕುವಿಗಿಂತ ಮೊದಲಿನ ಕೆಲಸ ಇನ್ನೂ ಸೂಕ್ಷ್ಮ. ಕಡ್ಡಿಯನ್ನು ಯಾವ ಮರದಿಂದ ತೆಗೆಯಬೇಕು? ವರ್ಷ ವರ್ಷ ಚೆನ್ನಾಗಿ ಕಾಯಿಬಿಟ್ಟ, ತಳಿಯ ಗುಣ ಖಚಿತವಾಗಿ ಗೊತ್ತಿರುವ ಮರದಿಂದ. ತೆಗೆಯುವ ವಾರ ಹತ್ತು ದಿನ ಮೊದಲೇ ಆ ಕಡ್ಡಿಯ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿದರೆ ಕಣ್ಣು ಉಬ್ಬಿ ತಯಾರಾಗುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸಿನ ಕಥೆ ಇಲ್ಲಿ ಪಾಠ. ರೈತರೊಬ್ಬರ ತೋಟದಲ್ಲಿದ್ದ ಆ ಒಂದು ಮರದ ಕೆಂಪು ತೊಳೆಯ ಹಣ್ಣು ಎಲ್ಲರಿಗೂ ಬೇಕಾದಾಗ, ತುಮಕೂರು ಬಳಿಯ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕೆ ಪ್ರಯೋಗ ಕೇಂದ್ರ ಅದನ್ನು ಗುರುತಿಸಿ ಕಸಿ ಗಿಡಗಳ ಮೂಲಕ ಹರಡಿತು. ಒಂದೇ ಮರದ ಗುಣ ಸಾವಿರಾರು ತೋಟಗಳಿಗೆ ಹೋಗುವ ದಾರಿ ಅದೊಂದೇ. ಹೆಸರು ಸಿದ್ದು ಎಂದಿಟ್ಟು ಕಡ್ಡಿ ಬೇರೆ ಮರದ್ದಾದರೆ ರೈತನಿಗೆ ಗೊತ್ತಾಗುವುದು ಫಲ ಬಂದ ಮೇಲೆ, ಅಂದರೆ ವರ್ಷಗಳ ನಂತರ. ಕಸಿ ಕಟ್ಟುವವರ ಪ್ರಾಮಾಣಿಕತೆ ಅವರ ಕೌಶಲದ ಒಂದು ಭಾಗವೇ ಆಗುವುದು ಈ ಕಾರಣಕ್ಕೆ.

ಟೊಮೆಟೊ ನರ್ಸರಿಯ ಪಾಠ ಬೇರೆ ರೀತಿಯದು. ಅಲ್ಲಿ ಒಂದು ಗಿಡಕ್ಕೆ ಬೆಲೆ ಕಡಿಮೆ, ಸಂಖ್ಯೆ ದೊಡ್ಡದು. 98 ಗುಳಿಗಳ ಟ್ರೇಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ಗುಳಿಗೊಂದು ಬೀಜ ಹಾಕಿ, ಮೊಳಕೆಯೊಡೆಯುವವರೆಗೆ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಮುಚ್ಚಿಡುತ್ತಾರೆ. ಅವನ್ನು ಬಿಚ್ಚುವುದು ಅರ್ಧ ದಿನ ತಡವಾದರೆ ಸಸಿ ಬೆಳಕು ಹುಡುಕಿ ಸಣಕಲಾಗಿ ಉದ್ದಕ್ಕೆ ಬೆಳೆಯುತ್ತದೆ, ಆಮೇಲೆ ಅದು ನೆಟ್ಟಗಾಗದು. ಸುಮಾರು 25 ದಿನದಲ್ಲಿ ಸಸಿ ನಾಟಿಗೆ ಬರುತ್ತದೆ. ಕೊನೆಯ ದಿನಗಳಲ್ಲಿ ನೀರು ತಗ್ಗಿಸಿ, ಬಿಸಿಲಿಗೆ ಒಗ್ಗಿಸಿ ಗಟ್ಟಿ ಮಾಡದೆ ಕಳಿಸಿದರೆ ರೈತನ ಹೊಲದಲ್ಲಿ ಬಾಡುತ್ತದೆ. ಬಿಳಿನೊಣ ಒಳಗೆ ನುಗ್ಗಿದರೆ ಎಲೆಮುದುಡು ನಂಜು (ವೈರಸ್ ರೋಗ) ಸಸಿಯ ಜೊತೆಗೇ ಹೊಲಕ್ಕೆ ಹೋಗುತ್ತದೆ. ಆದ್ದರಿಂದ ಸಣ್ಣ ಕಣ್ಣಿನ ಬಲೆ ಮತ್ತು ಎರಡು ಬಾಗಿಲಿನ ಶಿಸ್ತು (ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವುದು) ಇಲ್ಲಿ ಮೊದಲ ಪಾಠ.

ಈ ನರ್ಸರಿಗಳಲ್ಲಿ ಬೀಜ ಹಾಕುವ, ಸಸಿ ವಿಂಗಡಿಸುವ ಕೈಗಳು ಬಹುಪಾಲು ಹೆಂಗಸರವು. ಸಸಿಯ ಬಣ್ಣ ನೋಡಿ ಏನಾಗಿದೆ ಎಂದು ಹೇಳಬಲ್ಲವರು ಅವರು. ಆದರೆ ಗೊಬ್ಬರದ ಲೆಕ್ಕ, ಔಷಧಿಯ ತೀರ್ಮಾನ, ಮೇಲ್ವಿಚಾರಕನ ಸಂಬಳ ಬಂದಾಗ ಗಂಡಸರನ್ನೇ ಕರೆಯುತ್ತಾರೆ. ಹೆಣ್ಣುಮಕ್ಕಳು ಒಪ್ಪಂದದ ಮೂಲಕ, ಪ್ರಮಾಣಪತ್ರದ ಮೂಲಕ ಈ ಕ್ಷೇತ್ರಕ್ಕೆ ಬರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಕಣ್ಣಿಗೆ ಗೊತ್ತಿರುವುದಕ್ಕೆ ಕಾಗದದ ಬಲ ಸೇರಿದರೆ ಸಂಬಳದ ಮಾತು ಬೇರೆ ಮಟ್ಟದಲ್ಲಿ ಶುರುವಾಗುತ್ತದೆ. ವರ್ಷಗಳಿಂದ ದುಡಿಯುತ್ತಿರುವವರಿಗೆ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆಯೂ ಇದೆ. ಮತ್ತೆ ಮೊದಲಿನಿಂದ ತರಬೇತಿಗೆ ಕೂರದೆ, ಗೊತ್ತಿರುವ ಕೆಲಸದ ಪರೀಕ್ಷೆ ಕೊಟ್ಟು ಪ್ರಮಾಣಪತ್ರ ಪಡೆಯಬಹುದು.

ಪಾಲಿಹೌಸ್‌ನಲ್ಲಿ ದೊಣ್ಣೆಮೆಣಸಿನಕಾಯಿ, ಗುಲಾಬಿ, ಜರ್ಬೆರಾ ಬೆಳೆಯುವಲ್ಲಿ ಕಲಿಯಬೇಕಾದದ್ದು ನೀರಿನ ರಸಾಯನ. ನಮ್ಮ ಬೋರ್‌ವೆಲ್ ನೀರು ಗಡಸು. ರಸಸಾರ (ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ) ಎಷ್ಟು, ಲವಣಾಂಶ ಎಷ್ಟು ಎಂದು ಮೀಟರ್ ಹಿಡಿದು ನೋಡದೆ ಗೊಬ್ಬರ ಬಿಟ್ಟರೆ ಬೇರಿಗೆ ಊಟ ತಲುಪುವುದೇ ಇಲ್ಲ. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಅಥವಾ ಫಾಸ್ಫೇಟ್ ಇರುವ ಗೊಬ್ಬರದ ಜೊತೆ ಒಂದೇ ಡ್ರಮ್ಮಿನಲ್ಲಿ ಕರಗಿಸಿದರೆ ಸುಣ್ಣದಂಥ ಗಷ್ಟು ಕಟ್ಟುತ್ತದೆ. ದುಡ್ಡು ಕೊಟ್ಟು ತಂದ ಗೊಬ್ಬರ ಗಿಡಕ್ಕೆ ಹೋಗದೆ ಡ್ರಿಪ್ಪಿನ ತೂತುಗಳನ್ನು ಮುಚ್ಚುತ್ತದೆ. ಎರಡು ಡ್ರಮ್ ಏಕಿವೆ ಎಂದು ಮೊದಲ ದಿನವೇ ಹೇಳಿಕೊಡುವ ಮೇಲ್ವಿಚಾರಕ ಸಿಕ್ಕರೆ ಅವರ ಕೈಕೆಳಗೆ ಉಳಿಯಿರಿ. ‘ಇದರಲ್ಲಿ ಇದು ಹಾಕು, ಕೇಳಬೇಡ’ ಎನ್ನುವವರ ಬಳಿ ಒಂದು ವರ್ಷ ದುಡಿದರೂ ಆಳಾಗಿಯೇ ಹೊರಬರುತ್ತೀರಿ.

ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟ ಕೇಳುವ ವಿದ್ಯೆ ಕತ್ತರಿಯದು. ದ್ರಾಕ್ಷಿ ಹಳೆಯ ಕಡ್ಡಿಯಲ್ಲಿ ಫಲ ಬಿಡುವುದಿಲ್ಲ, ಕತ್ತರಿಸಿದ ಮೇಲೆ ಒಡೆಯುವ ಹೊಸ ಚಿಗುರಿನಲ್ಲಿ ಗೊಂಚಲು ಬರುತ್ತದೆ. ಯಾವ ಕಣ್ಣಿನ ಮೇಲೆ ಕತ್ತರಿಸಬೇಕು ಎಂಬುದು ತಳಿಯಿಂದ ತಳಿಗೆ ಬೇರೆ. ಬೆಂಗಳೂರು ನೀಲಿಗೆ ಇರುವ ಲೆಕ್ಕ ಬೀಜರಹಿತ ತಳಿಗೆ ನಡೆಯುವುದಿಲ್ಲ. ಇಲ್ಲಿನ ಹಿತವಾದ ಹವೆಯಲ್ಲಿ ಬೆಂಗಳೂರು ನೀಲಿಯಿಂದ ವರ್ಷಕ್ಕೆರಡು ಬೆಳೆ ತೆಗೆಯುವವರಿದ್ದಾರೆ. ಹಾಗಾಗಿ ಕತ್ತರಿ ಹಿಡಿದು ಕಲಿಯುವ ಅವಕಾಶ ವರ್ಷದಲ್ಲಿ ಎರಡು ಸಲ ಸಿಗುತ್ತದೆ.

ಹಳೆಯ ಮಾವಿನ ತೋಟಗಳ ಪುನಶ್ಚೇತನ ಮುಂದಿನ ದಿನಗಳಲ್ಲಿ ಒಳ್ಳೆಯ ಕಸುಬಾಗುತ್ತದೆ ಎಂದು ನನಗನ್ನಿಸುತ್ತದೆ. ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆ ಕೊಂಬೆಗೆ ಕೊಂಬೆ ಹೆಣೆದುಕೊಂಡು, ಒಳಗೆ ಬಿಸಿಲು ಬೀಳದೆ ಫಲ ಕಡಿಮೆಯಾದ ಮರಗಳು ಬೇಕಾದಷ್ಟಿವೆ. ಅವನ್ನು ಕಡಿದು ಉರುಳಿಸದೆ ಎತ್ತರ ತಗ್ಗಿಸಿ, ನಡುವೆ ಬೆಳಕಿಗೆ ದಾರಿ ಮಾಡಿ, ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ ಮತ್ತು ಸುಣ್ಣದ ಲೇಪ) ಬಳಿದು, ಆಮೇಲೆ ಬರುವ ಚಿಗುರುಗಳಲ್ಲಿ ಯಾವುದನ್ನು ಉಳಿಸಬೇಕು, ಕಾಂಡಕೊರಕ ಎಲ್ಲಿ ಕೂತಿದೆ ಎಂದು ಎರಡು ವರ್ಷ ಕಾಯ್ದುಕೊಳ್ಳಬಲ್ಲವರು ಬೇಕು. ಮರ ಕಡಿಯುವವರು ಎಲ್ಲಾ ಊರಿನಲ್ಲೂ ಇದ್ದಾರೆ, ಮರ ಸವರುವವರು ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ, ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು ನಿಮಗೇ ಹೊಳೆದಿರಬಹುದು. ತರಬೇತಿ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ? ನೀವು ಕಲಿಯಬೇಕೆಂದ ಕೆಲಸ ನಡೆಯುವ ಕಾಲ ಅದರೊಳಗೆ ಬರುತ್ತದೆಯೇ? ಡಿಸೆಂಬರ್‌ನಿಂದ ಮೇವರೆಗೆ ಮಾವಿನ ನರ್ಸರಿಗೆ ಸೇರಿದರೆ ನೀರು ಹಾಕುವುದನ್ನಷ್ಟೇ ಕಲಿಯುತ್ತೀರಿ, ಏಕೆಂದರೆ ಕಸಿಯ ಕಾಲ ಬರುವ ಹೊತ್ತಿಗೆ ನೀವು ಅಲ್ಲಿರುವುದಿಲ್ಲ. ಕಲಿಸುವವರು ಯಾರು, ಅವರ ಹೆಸರು ಹೇಳುತ್ತಾರೆಯೇ? ಎಷ್ಟನೇ ತಿಂಗಳಲ್ಲಿ ಚಾಕು ಅಥವಾ ಕತ್ತರಿ ಕೈಗೆ ಕೊಡುತ್ತಾರೆ? ಹಾಳಾಗುವ ಗಿಡಗಳಿಗೆ ನಿಮ್ಮಿಂದ ಹಣ ಕಡಿಯುತ್ತಾರೆಯೇ? ಕಡಿಯುತ್ತೇವೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಹಾಳು ಮಾಡದೆ ಕಲಿಯುವ ಕಸುಬಲ್ಲ ಇದು.

ಔಷಧಿ ಹೊಡೆಯುವ ವಿಷಯದಲ್ಲಿ ರಾಜಿ ಬೇಡ. ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಹಸಿರು ಎಂಬ ಇಳಿಕ್ರಮ. ಕೈಗವಸು, ಮುಖಗವಸು, ಕನ್ನಡಕ, ಬೂಟು ಕೊಡುವುದು ಮಾಲೀಕರ ಕರ್ತವ್ಯ, ಅದು ಉಪಕಾರವಲ್ಲ. ಮುಚ್ಚಿದ ಪಾಲಿಹೌಸ್‌ನೊಳಗೆ ಸಿಂಪಡಿಸಿದ ಮೇಲೆ ಎಷ್ಟು ಹೊತ್ತಿನ ನಂತರ ಒಳಗೆ ಹೋಗಬಹುದು, ಎಷ್ಟು ದಿನ ಬಿಟ್ಟು ಕೊಯ್ಯಬಹುದು ಎಂಬುದು ಲೇಬಲ್ಲಿನಲ್ಲೇ ಇರುತ್ತದೆ. ಓದಿ ಹೇಳುವವರು ಇಲ್ಲದಿದ್ದರೆ ನೀವೇ ಓದುವುದನ್ನು ರೂಢಿ ಮಾಡಿಕೊಳ್ಳಿ.

ತರಬೇತಿಯ ನಂತರ ಓದು ಮುಂದುವರಿಸಬೇಕೆನ್ನುವವರಿಗೆ ಟಮಕದಲ್ಲಿ ಬಾಗಲಕೋಟೆ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜಿದೆ. ನಾಲ್ಕು ವರ್ಷದ ಪದವಿಗೆ ಪಿಯುಸಿಯಲ್ಲಿ ವಿಜ್ಞಾನ ಓದಿ ಸಿಇಟಿ ಬರೆಯಬೇಕು. ಕೃಷಿಕರ ಮಕ್ಕಳ ಕೋಟಾಕ್ಕೆ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗಿಡ, ಉಪಕರಣಗಳನ್ನು ಗುರುತಿಸಬೇಕಾಗುತ್ತದೆ. ತೋಟದಲ್ಲಿ ದುಡಿದ ಮಕ್ಕಳಿಗೆ ಅಲ್ಲಿ ಹೆದರಿಕೆ ಇರುವುದಿಲ್ಲ.

ನನ್ನ ಸಲಹೆಯ ಕ್ರಮ ಹೀಗೆ. ಜಮೀನಿದ್ದವರು ಮಾರ್ಚ್, ಏಪ್ರಿಲ್‌ನಲ್ಲೇ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಮೇ ತಿಂಗಳ ತರಬೇತಿಯ ಅರ್ಜಿ ವಿಚಾರಿಸಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಹಣಿ, ಜಾತಿ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಪುಸ್ತಕ ಸಿದ್ಧವಿರಲಿ. ಜಮೀನಿಲ್ಲದವರು ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಹತ್ತಿರದ ದೊಡ್ಡ ಪಾಲಿಹೌಸ್ ಅಥವಾ ಬೀಜ ಘಟಕಕ್ಕೆ ನೇರವಾಗಿ ಹೋಗಿ ಅಪ್ರೆಂಟಿಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಲಿ. 30 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ತೆಗೆದುಕೊಳ್ಳುವುದು ಅವರ ಕಾನೂನು ಹೊಣೆ ಎಂಬುದು ನಿಮಗೆ ಗೊತ್ತಿದ್ದರೆ ಮಾತಿಗೆ ಧೈರ್ಯ ಬರುತ್ತದೆ. ಪ್ರಮಾಣಪತ್ರ ಕೈಗೆ ಬಂದ ಮೇಲಿನ ಮೊದಲ ಮುಂಗಾರನ್ನು ಪುಟ್ಟ ನರ್ಸರಿಯ ಪಳಗಿದ ಕೈಯ ಪಕ್ಕದಲ್ಲಿ ಕಳೆಯಿರಿ, ಕೂಲಿ ಕಡಿಮೆಯಾದರೂ ಸರಿ. ಮುಂದೆ ಸ್ವಂತ ನರ್ಸರಿಯ ಆಸೆ ಇದ್ದರೆ ತಾಯಿಗಿಡಗಳನ್ನು (ಕಸಿಕಡ್ಡಿ ತೆಗೆಯುವ ಗಿಡಗಳನ್ನು) ತರಬೇತಿಯ ವರ್ಷದಲ್ಲೇ ನೆಡಬೇಕು, ಏಕೆಂದರೆ ಅವು ಫಲಕೊಟ್ಟು ಗುಣ ತೋರಿಸಲು ನಾಲ್ಕೈದು ವರ್ಷ ಬೇಕು. ರಾಷ್ಟ್ರೀಯ ತೋಟಗಾರಿಕೆ ಮಂಡಳಿ ಹಣ್ಣಿನ ನರ್ಸರಿಗಳಿಗೆ ಮಾನ್ಯತೆ ಕೊಡುವಾಗ ಮೊದಲು ನೋಡುವವುಗಳಲ್ಲಿ ತಾಯಿಗಿಡಗಳೂ ಸೇರಿವೆ. ಸ್ವಂತ ನೆಲ ಇಲ್ಲದವರು ನಾಲ್ಕಾರು ಜನ ಸೇರಿ ಗುತ್ತಿಗೆ ನೆಲದಲ್ಲಿ ನೆಡಬಹುದು, ಆದರೆ ಗುತ್ತಿಗೆ ಕನಿಷ್ಠ ಹತ್ತು ವರ್ಷಕ್ಕಿರಲಿ ಮತ್ತು ಅದು ನೋಂದಣಿಯಾಗಿರಲಿ.